ಕೂಸಿನ ಹೃದಯದ ತೂತು ಯಾರ ಕಡೆಯಿಂದ ಬಂತು? ವಂಶವಾಹಿ ಸಂಶೋಧನೆ ಕೊಡುವ ಉತ್ತರ

ಎಕೋ (ಹೃದಯದ ಸ್ಕ್ಯಾನ್) ಮಾಡಿದ ಡಾಕ್ಟರು "ಕೂಸಿನ ಹೃದಯದಾಗ ತೂತು ಐತಿ" ಎಂದು ಹೇಳಿದ ಮೇಲೆ ಹೊರಗಿನ ಬೆಂಚಿನ ಮೇಲೆ ಮೊದಲು ಏಳುವ ಮಾತು ಆಪರೇಶನ್‌ದ್ದಲ್ಲ. "ನಮ್ಮ ಮನಿತನದಾಗ ಯಾರಿಗೂ ಇಲ್ರಿ, ಆಕಿ ತವರಮನಿ ಕಡಿಂದ ಬಂದಿರಬೇಕು" ಎಂಬುದು. ಅದರ ಬೆನ್ನಿಗೇ ಗ್ರಹಣದ ದಿನ ಹೊರಗೆ ಹೋಗಿದ್ದು, ಬಸುರಿಯಿದ್ದಾಗ ಹೊಲದಲ್ಲಿ ಭಾರ ಎತ್ತಿದ್ದು, ಏನೋ ತಿಂದಿದ್ದು ಎಲ್ಲ ಲೆಕ್ಕಕ್ಕೆ ಬರುತ್ತವೆ. ಹಸಿ ಬಾಣಂತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಇದನ್ನೆಲ್ಲ ಕೇಳುತ್ತ ಕೂತಿರುತ್ತಾಳೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಮಕ್ಕಳ ವಿಭಾಗದ ಹೊರಗೆ ನಿಂತವರಿಗೆ ಈ ದೃಶ್ಯ ಹೊಸದಲ್ಲ.

"ಯಾರ ಕಡೆಯಿಂದ" ಎಂಬ ಪ್ರಶ್ನೆಗೆ ಕಳೆದ 25 ವರ್ಷಗಳಲ್ಲಿ ವಿಜ್ಞಾನ ಸಾಕಷ್ಟು ನಿಖರವಾದ ಉತ್ತರ ಕೊಟ್ಟಿದೆ. ಆ ಉತ್ತರದ ದೊಡ್ಡ ಭಾಗ ಭಾರತ ಮೂಲದ ಮಕ್ಕಳ ಹೃದ್ರೋಗ ತಜ್ಞ ದೀಪಕ್ ಶ್ರೀವಾಸ್ತವ ಅವರ ಪ್ರಯೋಗಾಲಯದಿಂದ ಬಂದಿದೆ. ಅಮೆರಿಕದ ಡಲ್ಲಾಸ್‌ನಲ್ಲಿ ಕೆಲಸ ಮಾಡಿ, ಈಗ ಸ್ಯಾನ್ ಫ್ರಾನ್ಸಿಸ್ಕೊದ ಗ್ಲ್ಯಾಡ್‌ಸ್ಟೋನ್ ಸಂಸ್ಥೆಯ ಅಧ್ಯಕ್ಷರಾಗಿರುವ ಅವರು ಕೇಳಿಕೊಂಡ ಪ್ರಶ್ನೆ ಒಂದೇ: ಹೃದಯ ಕಟ್ಟುವಾಗ ಯಾವ ವಂಶವಾಹಿ, ಯಾವ ಹೊತ್ತಿನಲ್ಲಿ, ಎಷ್ಟು ಪ್ರಮಾಣದಲ್ಲಿ ಕೆಲಸ ಮಾಡಬೇಕು? ಈ ಪ್ರಶ್ನೆಗೆ ಸಿಕ್ಕ ಉತ್ತರ ನಮ್ಮ ಕಡೆಯ ಮದುವೆ ಸಂಬಂಧಗಳಿಗೆ, ತಾಯಿ ಕಾರ್ಡಿಗೆ, ಬಾಣಂತಿಯ ಮೇಲೆ ಹೊರಿಸುವ ತಪ್ಪಿಗೆ ನೇರವಾಗಿ ತಾಗುತ್ತದೆ.

ಮುಟ್ಟು ಒಂದು ವಾರ ತಡವಾಗುವಷ್ಟರಲ್ಲಿ

ಗರ್ಭದಲ್ಲಿ ಎಲ್ಲಕ್ಕಿಂತ ಮೊದಲು ಕೆಲಸ ಶುರು ಮಾಡುವ ಅಂಗ ಹೃದಯ. ಗರ್ಭ ಕಟ್ಟಿದ ಸುಮಾರು 19ನೇ ದಿನಕ್ಕೆ ಭ್ರೂಣದಲ್ಲಿ ಒಂದಿಷ್ಟು ಜೀವಕೋಶಗಳು ಕುಡುಗೋಲಿನಂತೆ ಬಾಗಿ ಸಾಲುಗಟ್ಟುತ್ತವೆ. 21ನೇ ದಿನದ ಸುತ್ತಮುತ್ತ ಎಡಬಲದ ಕೋಶಗಳು ನಡುವೆ ಕೂಡಿ ಒಂದು ಕೊಳವೆಯಾಗುತ್ತದೆ. 22–23ನೇ ದಿನ ಆ ಕೊಳವೆ ಮಿಡಿಯತೊಡಗುತ್ತದೆ. 28 ದಿನಕ್ಕೊಮ್ಮೆ ಮುಟ್ಟಾಗುವ ಹೆಣ್ಣುಮಗಳ ಲೆಕ್ಕದಲ್ಲಿ ಇದು ಮುಟ್ಟು ಒಂದು ವಾರ ತಡವಾದ ಹೊತ್ತು. ಆಕೆಗೆ ಬಸಿರಿನ ಅನುಮಾನವೂ ಬಂದಿರದೆ ಇರಬಹುದು.

ಆಮೇಲೆ ಕೊಳವೆ ಬಲಕ್ಕೆ ಬಾಗಿ ಸುತ್ತು ಹಾಕುತ್ತದೆ. ಹಿಂದೆ ಕಾದಿದ್ದ ಎರಡನೇ ತಂಡದ ಕೋಶಗಳು ಕೊಳವೆಯ ಎರಡೂ ತುದಿಗೆ ಬಂದು ಸೇರುತ್ತವೆ. ಬಲ ಹೃತ್ಕುಕ್ಷಿ (ಬಲಗಡೆಯ ಕೆಳಗಿನ ಕೋಣೆ) ಮತ್ತು ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳ ಬುಡ ಬಹುಮಟ್ಟಿಗೆ ಈ ಎರಡನೇ ತಂಡದ ಕೆಲಸ ಎಂಬುದು 2001ರಿಂದೀಚೆಗೆ ಗೊತ್ತಾದ ಸಂಗತಿ. ಕೂಸು ನೀಲಿಗಟ್ಟುವ ಫ್ಯಾಲಟ್ ದೋಷದಂಥವು ಹುಟ್ಟುವುದು ಇಲ್ಲಿ ಎಡವಿದಾಗ. ಐದರಿಂದ ಏಳನೇ ವಾರದಲ್ಲಿ ಒಳಗೋಡೆಗಳು ಎದ್ದು ನಾಲ್ಕು ಕೋಣೆಗಳಾಗುತ್ತವೆ. ಎಂಟನೇ ವಾರ ಮುಗಿಯುವಾಗ ಹೃದಯದ ಕಟ್ಟೋಣ ಮುಗಿದಿರುತ್ತದೆ. ಉಳಿದದ್ದು ಬೆಳೆಯುವುದಷ್ಟೇ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೂತು ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯದು. ಅದೂ ಗೋಡೆಯ ಮೇಲ್ತುದಿಯ ತೆಳು ಪೊರೆಯ ಜಾಗದಲ್ಲೇ ಹೆಚ್ಚು. ಕಾರಣ ಆ ಜಾಗದ ರಚನೆಯಲ್ಲಿದೆ. ಕೆಳಗಿನಿಂದ ಸ್ನಾಯುವಿನ ಗೋಡೆ ಏಳುತ್ತದೆ, ನಡುವಿನಿಂದ ಮೆತ್ತೆಯಂಥ ಅಂಗಾಂಶ ಬರುತ್ತದೆ, ಮೇಲಿನಿಂದ ರಕ್ತನಾಳದ ಬುಡದ ಏಣು ಇಳಿಯುತ್ತದೆ. ಮೂರೂ ಒಂದೇ ಬಿಂದುವಿನಲ್ಲಿ, ಕೆಲವೇ ದಿನಗಳೊಳಗೆ ಕೂಡಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ತೋಪ್ ತೆನಿ ಹಾಕುವ ಕಡೆ ಒಂದೊಂದು ಎಳೆಯೂ ತನ್ನ ಜೋಡಿಗೆ ಸಿಗಲೇಬೇಕು. ಒಡಲೂ ಚೆನ್ನಾಗಿದ್ದು ಸೆರಗೂ ಚೆನ್ನಾಗಿದ್ದು ಕೂಡುವ ಜಾಗ ಮಾತ್ರ ಬಿಟ್ಟುಕೊಳ್ಳಬಹುದು. ಹೃದಯದ ಈ ತೂತೂ ಹಾಗೆಯೇ. ಎರಡು ಕಡೆಯ ಅಂಗಾಂಶ ಗಟ್ಟಿಯಾಗಿಯೇ ಇರುತ್ತದೆ, ಮುಟ್ಟಬೇಕಾದ ಹೊತ್ತಿಗೆ ಒಂದು ಅಲ್ಲಿಗೆ ತಲುಪಿರುವುದಿಲ್ಲ.

ಅರ್ಧ ಪ್ರಮಾಣ ಸಾಲದು

ಈ ಕೆಲಸವನ್ನು ನಡೆಸುವುದು ಕೆಲವು ಸ್ವಿಚ್‌ನಂಥ ಪ್ರೋಟೀನುಗಳು. ಇವು ಡಿಎನ್‌ಎ ಮೇಲೆ ಕೂತು ಬೇರೆ ನೂರಾರು ವಂಶವಾಹಿಗಳನ್ನು ಹೊತ್ತಿಸುತ್ತವೆ, ಆರಿಸುತ್ತವೆ. ಮೊದಲ ಸುಳಿವು ಸಿಕ್ಕಿದ್ದು ಹಣ್ಣಿನ ನೊಣದಲ್ಲಿ. ಟಿನ್‌ಮನ್ ಎಂಬ ವಂಶವಾಹಿ ಇಲ್ಲದಿದ್ದರೆ ನೊಣಕ್ಕೆ ಹೃದಯವೇ ಮೂಡುವುದಿಲ್ಲ ಎಂದು 1993ರಲ್ಲಿ ತಿಳಿಯಿತು. ಅದೇ ಬಳಗದ ಮನುಷ್ಯರ ವಂಶವಾಹಿ ಎನ್‌ಕೆಎಕ್ಸ್2-5. ಆ ವಂಶವಾಹಿ ಕೆಟ್ಟಿರುವ ಕುಟುಂಬಗಳಲ್ಲಿ ಮೇಲಿನ ಕೋಣೆಗಳ ನಡುವೆ ತೂತು, ಜೊತೆಗೆ ಹೃದಯದ ವಿದ್ಯುತ್ ಸಂಚಾರದಲ್ಲಿ ತಡೆ ಕಾಣುತ್ತದೆ ಎಂದು 1998ರಲ್ಲಿ ಗೊತ್ತಾಯಿತು. ಅದರ ಹಿಂದಿನ ವರ್ಷವೇ ಟಿಬಿಎಕ್ಸ್5 ಎಂಬುದು ಕೆಟ್ಟರೆ ಹೃದಯದ ಜೊತೆ ಕೈಯ ಹೆಬ್ಬೆರಳೂ ಕೆಡುತ್ತದೆ ಎಂದು ತಿಳಿದಿತ್ತು. 2003ರಲ್ಲಿ ವಿದು ಗರ್ಗ್ ಮತ್ತು ಶ್ರೀವಾಸ್ತವ ಅವರ ತಂಡ ಹಲವು ತಲೆಮಾರು ಹೃದಯದ ತೂತು ಕಂಡ ಒಂದು ದೊಡ್ಡ ಕುಟುಂಬದಲ್ಲಿ ಗಾಟಾ4 ವಂಶವಾಹಿಯ ಒಂದೇ ಒಂದು ಅಕ್ಷರದ ಬದಲಾವಣೆಯನ್ನು ಹಿಡಿಯಿತು. ಆ ಬದಲಾವಣೆಯಿಂದ ಗಾಟಾ4 ತಾನೊಂದೇ ದುರ್ಬಲವಾಗಿದ್ದಲ್ಲ, ಟಿಬಿಎಕ್ಸ್5 ಜೊತೆ ಕೈಗೂಡಿಸುವ ಅದರ ಶಕ್ತಿಯೂ ಹೋಗಿತ್ತು. ಈ ಸ್ವಿಚ್‌ಗಳು ಬಿಡಿಬಿಡಿಯಾಗಿ ದುಡಿಯುವುದಿಲ್ಲ, ಜೋಡಿಯಾಗಿ ದುಡಿಯುತ್ತವೆ ಎಂಬುದಕ್ಕೆ ಇದು ಬಲವಾದ ಸಾಕ್ಷಿ.

ಬಹುತೇಕ ವಂಶವಾಹಿಗಳಿಗೆ ತಂದೆಯದೊಂದು, ತಾಯಿಯದೊಂದು ಪ್ರತಿ ಇರುತ್ತದೆ. ಬಹಳಷ್ಟು ವಂಶವಾಹಿಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಸಂಭಾಳಿಸಿಕೊಂಡು ಹೋಗುತ್ತದೆ. ಹೃದಯ ಕಟ್ಟುವ ಈ ಸ್ವಿಚ್‌ಗಳಲ್ಲಿ ಹಾಗಲ್ಲ, ಅರ್ಧ ಪ್ರಮಾಣ ಸಾಲುವುದಿಲ್ಲ. ಜೋಳದ ಹಿಟ್ಟಿಗೆ ಎಸರು ಕಡಿಮೆ ಬಿದ್ದರೆ ರೊಟ್ಟಿಯೇ ಆಗುವುದಿಲ್ಲ ಅಂತಲ್ಲ, ಬಡಿಯುವಾಗ ಅಂಚು ಹರಿಯುತ್ತದೆ. ಎಷ್ಟು ಹರಿಯುತ್ತದೆ ಎಂಬುದು ಹಿಟ್ಟು, ಕೈ, ನಾದಿದ ರೀತಿ ಎಲ್ಲದರ ಮೇಲೂ ನಿಂತಿದೆ. ಆದ್ದರಿಂದಲೇ ಒಂದೇ ದೋಷ ಹೊತ್ತ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ದೊಡ್ಡ ತೂತು, ಇನ್ನೊಬ್ಬನಿಗೆ ಚಿಕ್ಕದು, ಮತ್ತೊಬ್ಬನಿಗೆ ಏನೂ ಇಲ್ಲ.

ಇದರಿಂದ ಆಸ್ಪತ್ರೆಯಲ್ಲಿ ಮಾಡಬೇಕಾದ ಎರಡು ಕೆಲಸ ಹೊರಡುತ್ತವೆ. ಎರಡಕ್ಕೂ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಆದರೂ ತಪ್ಪಿಹೋಗುತ್ತವೆ. ಮೇಲಿನ ಕೋಣೆಗಳ ನಡುವೆ ತೂತಿರುವ ಮಗುವಿನ ಎರಡೂ ಹೆಬ್ಬೆರಳು ನೋಡಬೇಕು. ಹೆಬ್ಬೆರಳು ಉಳಿದ ಬೆರಳಿನಂತೆ ಮೂರು ಗೆಣ್ಣಿನದಾಗಿದ್ದರೆ, ತೀರ ಸಣ್ಣದಿದ್ದರೆ, ಇಲ್ಲವೇ ಇಲ್ಲದಿದ್ದರೆ ತಂದೆತಾಯಿಯ ಅಂಗೈಯನ್ನೂ ಚಾಚಿಸಿ ನೋಡಬೇಕು. ಚಿಕ್ಕಂದಿನಿಂದ "ಸ್ವಲ್ಪ ಸೊಟ್ಟ ಬೆರಳು" ಎಂದು ಬಿಟ್ಟಿದ್ದ ಅಪ್ಪನ ಹೆಬ್ಬೆರಳೇ ಟಿಬಿಎಕ್ಸ್5 ಕಡೆಗೆ ಬೆರಳು ತೋರಿಸಬಹುದು. ಇನ್ನೊಂದು ಇಸಿಜಿ. ಎನ್‌ಕೆಎಕ್ಸ್2-5 ಕೆಟ್ಟಿದ್ದರೆ ತೂತನ್ನು ಛತ್ರಿಯಂಥ ಸಾಧನದಿಂದ ಮುಚ್ಚಿದ ಮೇಲೂ ವಿದ್ಯುತ್ ಸಂಚಾರದ ತಡೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗಬಹುದು. ತಲೆ ಸುತ್ತಿ ಬೀಳುವುದು, ಅಪರೂಪಕ್ಕೆ ಹಠಾತ್ ಸಾವೂ ಆಗುತ್ತದೆ. ತೂತು ಮುಚ್ಚಿತು, ಮುಗಿಯಿತು ಎಂದು ಫೈಲನ್ನು ಅಟ್ಟಕ್ಕೆ ಹಾಕಬಾರದು. ಮನೆಯಲ್ಲಿ ಇಬ್ಬರಿಗೆ ಈ ತೂತಿದ್ದರೆ, ಅಥವಾ ಇಸಿಜಿಯಲ್ಲಿ ಪಿಆರ್ ಅಂತರ (ವಿದ್ಯುತ್ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಇಳಿಯುವ ಹೊತ್ತು) ಉದ್ದವಾಗಿದ್ದರೆ ವರ್ಷಕ್ಕೊಮ್ಮೆ ಇಸಿಜಿ ಬೇಕು.

ಅಪ್ಪನಿಂದ ಎರಡು, ಅಮ್ಮನಿಂದ ಒಂದು

"ಯಾರ ಕಡೆಯಿಂದ" ಎಂಬ ಪ್ರಶ್ನೆಯ ಬೇರನ್ನೇ ಅಲುಗಿಸಿದ್ದು 2019ರಲ್ಲಿ ಶ್ರೀವಾಸ್ತವ ತಂಡ ಪ್ರಕಟಿಸಿದ ಅಧ್ಯಯನ. ಒಂದು ಕುಟುಂಬದ ಮೂರು ಮಕ್ಕಳಲ್ಲಿ ಎಡ ಹೃತ್ಕುಕ್ಷಿಯ ಸ್ನಾಯು ಗಟ್ಟಿಯಾಗದೆ ಸ್ಪಂಜಿನಂತೆ ಉಳಿದಿತ್ತು. ತಂದೆಗೆ ಯಾವ ತೊಂದರೆಯ ಅನುಭವವೂ ಇರಲಿಲ್ಲ, ತಾಯಿಗೂ ಇರಲಿಲ್ಲ. ಐವರ ವಂಶವಾಹಿಗಳನ್ನೂ ಓದಿ ಹೋಲಿಸಿದಾಗ ಸಿಕ್ಕಿದ್ದು ಮೂರು ಬದಲಾವಣೆಗಳು. ಎಂವೈಎಚ್7 ಮತ್ತು ಎಂಕೆಎಲ್2 ವಂಶವಾಹಿಗಳದು ತಂದೆಯಿಂದ, ಎನ್‌ಕೆಎಕ್ಸ್2-5ದು ತಾಯಿಯಿಂದ ಬಂದಿದ್ದವು. ಮಕ್ಕಳಲ್ಲಿ ಮೂರೂ ಒಟ್ಟಿಗೆ ಕೂಡಿದ್ದವು.

ಇದು ಬರೀ ಊಹೆಯಾಗಬಾರದೆಂದು ತಂಡ ಅದೇ ಮೂರು ಬದಲಾವಣೆಗಳನ್ನು ಡಿಎನ್‌ಎ ತಿದ್ದುವ ಕ್ರಿಸ್ಪರ್ ವಿಧಾನದಿಂದ ಇಲಿಗಳಲ್ಲಿ ಮೂಡಿಸಿತು. ಮೂರೂ ಇದ್ದ ಇಲಿಗಳ ಹೃದಯದಲ್ಲಿ ಆ ಮಕ್ಕಳದನ್ನು ಹೋಲುವ ದೋಷ ಕಾಣಿಸಿತು. ಮಕ್ಕಳ ಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಹೃದಯ ಸ್ನಾಯುವಿನ ಕೋಶಗಳೂ ಅದನ್ನೇ ಹೇಳಿದವು. ತಾಯಿಯ ಕಡೆಯ ಬದಲಾವಣೆ ತಾನೊಂದೇ ಇದ್ದಾಗ ಆಕೆಗೆ ಏನೂ ಮಾಡಲಿಲ್ಲ. ತಂದೆಯ ಕಡೆಯದು ಸೇರಿದಾಗ ಭಾರ ಹೊರುವ ಮಿತಿ ದಾಟಿತು.

ಎಲ್ಲ ಮಕ್ಕಳ ಎಲ್ಲ ತೂತಿಗೂ ಇದೇ ಕಾರಣ ಎಂದು ಹೇಳಲು ಬರುವುದಿಲ್ಲ. ಡೌನ್ ಸಿಂಡ್ರೋಮ್‌ನಂಥ ಕ್ರೋಮೋಸೋಮ್ (ವಂಶವಾಹಿಗಳನ್ನು ಹೊತ್ತ ಎಳೆ) ದೋಷಗಳಿವೆ. ಡೌನ್ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯ ದೋಷವಿರುತ್ತದೆ. 22ನೇ ಕ್ರೋಮೋಸೋಮಿನ ಒಂದು ತುಣುಕು ಕಳಚಿಹೋಗಿರುವ ಮಕ್ಕಳಿದ್ದಾರೆ. ತಂದೆತಾಯಿ ಇಬ್ಬರಲ್ಲೂ ಇಲ್ಲದೆ ಕೂಸಿನಲ್ಲೇ ಹೊಸದಾಗಿ ಹುಟ್ಟಿದ ಬದಲಾವಣೆಗಳೂ ಇವೆ. 2017ರಲ್ಲಿ 2,800ಕ್ಕೂ ಹೆಚ್ಚು ರೋಗಿಗಳನ್ನು ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ ಹೀಗೆ ಹೊಸದಾಗಿ ಹುಟ್ಟಿದವುಗಳ ಪಾಲು ನೂರಕ್ಕೆ ಸುಮಾರು 8 ಎಂದು ಕಂಡಿತ್ತು. ಇಷ್ಟೆಲ್ಲ ಕೂಡಿಸಿದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಒಂದೇ ಒಂದು ಕಾರಣ ಕೈಗೆ ಸಿಗುವುದಿಲ್ಲ. ಎರಡೂ ಕಡೆಯ ಸಣ್ಣಸಣ್ಣ ಕೊರತೆಗಳು, ಜೊತೆಗೆ ಗರ್ಭದ ಪರಿಸರ, ಎಲ್ಲ ಕೂಡಿ ಆಗಿರುವ ಸಾಧ್ಯತೆಯೇ ಅಲ್ಲಿ ಹೆಚ್ಚು. ತಾಯಿಯೊಬ್ಬಳ ಮೇಲೆ ಬೊಟ್ಟು ಮಾಡಲು ಇಲ್ಲಿ ಎಲ್ಲೂ ಆಧಾರವಿಲ್ಲ. ಗ್ರಹಣಕ್ಕಂತೂ ಇದರಲ್ಲಿ ಪಾತ್ರವೇ ಇಲ್ಲ.

ಅಕ್ಕನ ಮಗಳು, ಅತ್ತೆಯ ಮಗಳು

ಕಳ್ಳುಬಳ್ಳಿಯೊಳಗೇ ಹೆಣ್ಣು ತರುವ ಪದ್ಧತಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಇನ್ನೂ ಇದೆ. ಕರ್ನಾಟಕದಲ್ಲಿ ರಕ್ತಸಂಬಂಧದ ಮದುವೆಗಳು ಸುಮಾರು ಕಾಲು ಭಾಗ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ತೋರಿಸುತ್ತವೆ. ಮಗಳು ಕಣ್ಣೆದುರಿಗೇ ಇರುತ್ತಾಳೆ, ಹೊಲ ಒಡೆಯುವುದಿಲ್ಲ, ಗೊತ್ತಿದ್ದ ಮನೆ ಎಂಬ ಕಾರಣಗಳು ಹುರುಳಿಲ್ಲದವಲ್ಲ. ಆದರೆ ವಂಶವಾಹಿಯ ಲೆಕ್ಕ ಬೇರೆ.

ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ, ಹುಟ್ಟುವ ಮಗುವಿನ ವಂಶವಾಹಿಗಳಲ್ಲಿ ಸರಾಸರಿ ಎಂಟರಲ್ಲೊಂದು ಪಾಲಿನಲ್ಲಿ ಎರಡೂ ಪ್ರತಿಗಳು ಒಬ್ಬನೇ ಹಿರಿಯನಿಂದ ಬಂದ ಒಂದೇ ನಕಲಾಗಿರುತ್ತವೆ. ಅತ್ತೆ ಮಗಳು, ಮಾವನ ಮಗಳಾದರೆ ಹದಿನಾರರಲ್ಲೊಂದು. ಆ ನಕಲು ಕೆಟ್ಟದ್ದಾಗಿದ್ದರೆ ಸಂಭಾಳಿಸಲು ಇನ್ನೊಂದು ಪ್ರತಿಯೇ ಇಲ್ಲ. ಮೇಲೆ ಹೇಳಿದ "ಎಲ್ಲ ಕೂಡಿ ಮಿತಿ ದಾಟುವ" ಲೆಕ್ಕಕ್ಕೂ ಇದು ತೂಕ ಹಾಕುತ್ತದೆ, ಗಂಡಹೆಂಡಿರ ಸಣ್ಣ ಕೊರತೆಗಳು ಒಂದೇ ಮನೆಯಿಂದ ಬಂದು ಒಂದೇ ಕಡೆ ಬೀಳುತ್ತವೆ.

ಆದರೂ ಹೆದರಿಸುವ ಮಾತು ಬೇಡ. ಯಾವುದೇ ಜನ್ಮದೋಷದ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ 2–3. ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಅದು ನೂರಕ್ಕೆ 4–6ರ ಆಸುಪಾಸಿಗೆ ಏರುತ್ತದೆ. ಅಂದರೆ ನೂರರಲ್ಲಿ ಸುಮಾರು 94–96 ಮಕ್ಕಳು ಸರಿಯಾಗಿಯೇ ಹುಟ್ಟುತ್ತಾರೆ. "ನಮ್ಮೂರಾಗ ಎಷ್ಟು ಮಂದಿ ಮಾಡ್ಕೊಂಡಾರ, ಏನಾಗೇತಿ?" ಎಂಬ ಪ್ರಶ್ನೆ ಹುಟ್ಟುವುದು ಇದರಿಂದಲೇ, ಮತ್ತು ಕೇಳುವವರು ಸುಳ್ಳು ಹೇಳುತ್ತಿಲ್ಲ. ಲೆಕ್ಕ ಬದಲಾಗುವುದು ತಲೆಮಾರಿನ ಮೇಲೆ ತಲೆಮಾರು ಅದೇ ಮನೆಗಳ ನಡುವೆ ಕೊಟ್ಟು ತಂದಾಗ, ಮತ್ತು ಈಗಾಗಲೇ ಒಂದು ಮಗುವಿಗೆ ದೋಷವಿದ್ದಾಗ. ಅಂಥ ಮನೆಯಲ್ಲಿ ಮುಂದಿನ ಮದುವೆ ಮಾತಿಗೆ ಮುಂಚೆ ವಂಶವಾಹಿ ಸಲಹೆ ಪಡೆಯುವುದು, ಮುಂದಿನ ಬಸಿರಿನಲ್ಲಿ ಭ್ರೂಣದ ಎಕೋ ಮಾಡಿಸುವುದು ಅಗತ್ಯ.

ನಮ್ಮ ಜನರಲ್ಲೇ ಹೆಚ್ಚಾಗಿ ಕಾಣುವ ಇನ್ನೊಂದು ಬದಲಾವಣೆಯೂ ಇದೆ. ಎಂವೈಬಿಪಿಸಿ3 ಎಂಬ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವುದನ್ನು ಸಂಶೋಧಕ ದಂಡಪಾಣಿ, ಹೈದರಾಬಾದಿನ ಸಿಸಿಎಂಬಿ ಎಂಬ ಜೀವಕೋಶ ಸಂಶೋಧನಾ ಕೇಂದ್ರದ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು. ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು 4 ಮಂದಿ ಇದನ್ನು ಹೊತ್ತಿದ್ದಾರೆ. ಇದು ತೂತಿನದಲ್ಲ, ಹೃದಯದ ಸ್ನಾಯುವಿನದು. ನಡುವಯಸ್ಸಿನ ನಂತರ ಹೃದಯ ಸೋಲುವ ಅಪಾಯ ಹೆಚ್ಚಿಸುತ್ತದೆ. ಹೊತ್ತವರೆಲ್ಲರಿಗೂ ಕಾಯಿಲೆ ಬರುವುದಿಲ್ಲ. ಇಲ್ಲಿ ಇದನ್ನು ಹೇಳುವ ಕಾರಣ ಬೇರೆ. ವಂಶವಾಹಿ ವರದಿ ತಯಾರಿಸುವಾಗ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಜನರಲ್ಲಿರುವ ಬದಲಾವಣೆಗಳನ್ನು "ಇದು ಸಾಮಾನ್ಯ" ಎಂದು ಮೊದಲೇ ಸೋಸಿ ತೆಗೆಯುವುದು ರೂಢಿ. ಆ ಜರಡಿಯಲ್ಲಿ ನಮ್ಮ ಜನರ ಈ ಬದಲಾವಣೆ ಕಣ್ಣಿಗೆ ಬೀಳದೆ ಹೋಗಬಹುದು.

ರಕ್ತ ಕೊಡುವಾಗ ಆಗುವ ತಪ್ಪುಗಳು

ತೂತಿರುವ ಪ್ರತಿ ಮಗುವಿಗೂ ವಂಶವಾಹಿ ಪರೀಕ್ಷೆ ಬೇಕಿಲ್ಲ. ಒಂದೇ ಸಣ್ಣ ತೂತು, ಮಗು ಚೆನ್ನಾಗಿ ಬೆಳೆಯುತ್ತಿದೆ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲ ಎಂದರೆ ಕಾಯಬಹುದು. ಹೃದಯದ ಜೊತೆ ಬೇರೆ ಅಂಗದ ದೋಷ, ಬೆಳವಣಿಗೆಯಲ್ಲಿ ಹಿಂದುಳಿಯುವಿಕೆ, ಮನೆಯಲ್ಲಿ ಇನ್ನೊಬ್ಬರಿಗೆ ಇದೇ ಕಾಯಿಲೆ ಇದ್ದರೆ ಪರೀಕ್ಷೆಗೆ ಅರ್ಥವಿದೆ. ಮುಖಲಕ್ಷಣ ಡೌನ್‌ನಂತಿದ್ದರೆ ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳನ್ನು ಎಣಿಸಿ ನೋಡುವ ಪರೀಕ್ಷೆ) ಸಾಕು. ಫ್ಯಾಲಟ್‌ನಂಥ ದೋಷ, ಸೀಳಂಗಳ, ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ 22ನೇ ಕ್ರೋಮೋಸೋಮಿನ ತುಣುಕಿಗಾಗಿ ಫಿಶ್ ಅಥವಾ ಮೈಕ್ರೊಅರೇ ಎಂಬ, ಸಣ್ಣ ತುಣುಕಿನ ಕೊರತೆ ಹಿಡಿಯುವ ಪರೀಕ್ಷೆ. ಇವುಗಳಲ್ಲಿ ಸಿಗದಿದ್ದರೆ ಎಕ್ಸೋಮ್, ಅಂದರೆ ವಂಶವಾಹಿಗಳ ಪ್ರೋಟೀನ್ ಕಟ್ಟುವ ಭಾಗಗಳನ್ನು ಅಕ್ಷರ ಅಕ್ಷರವಾಗಿ ಓದುವ ಪರೀಕ್ಷೆ.

ಎಕ್ಸೋಮ್‌ಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2–3 ಮಿ.ಲೀ. ರಕ್ತ ಸಾಕು. ಕ್ಯಾರಿಯೋಟೈಪ್‌ಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು ಬೇಕು, ಅಲ್ಲಿ ಕೋಶಗಳು ಜೀವಂತವಾಗಿ ತಲುಪಬೇಕು. ಮಗುವಿಗೆ ರಕ್ತ ಏರಿಸುವುದಿದ್ದರೆ ಅದಕ್ಕೆ ಮೊದಲೇ ಸ್ಯಾಂಪಲ್ ತೆಗೆದಿಡಬೇಕು, ಇಲ್ಲದಿದ್ದರೆ ದಾನಿಯ ಕೋಶಗಳು ಬೆರೆತು ಫಲಿತಾಂಶ ಕಲಸಿಹೋಗಬಹುದು. ಅತಿ ದೊಡ್ಡ ತಪ್ಪು ಮಗುವಿನದೊಂದೇ ರಕ್ತ ಕಳಿಸುವುದು. ಅಪ್ಪ ದುಡಿಯಲು ಪುಣೆಗೋ ಗೋವಾಕ್ಕೋ ಹೋಗಿರುತ್ತಾನೆ, "ಆಮ್ಯಾಲ ಕೊಡ್ತೇವ್ರಿ" ಎನ್ನುತ್ತಾರೆ. ವಾರಗಳ ನಂತರ ಬರುವ ವರದಿಯಲ್ಲಿ "ಅರ್ಥ ಖಚಿತವಿಲ್ಲದ ಬದಲಾವಣೆ" ಎಂದಿರುತ್ತದೆ. ಆ ಬದಲಾವಣೆ ಅಪ್ಪನಲ್ಲಿದೆಯೋ ಅಮ್ಮನಲ್ಲಿದೆಯೋ, ಹೊಸದಾಗಿ ಹುಟ್ಟಿದ್ದೋ ಎಂದು ತಿಳಿಯದೆ ಅದಕ್ಕೆ ಅರ್ಥ ಹಚ್ಚಲು ಬರುವುದಿಲ್ಲ. ಮೂವರ ರಕ್ತವೂ ಒಟ್ಟಿಗೆ ಹೋಗಬೇಕು.

ವರದಿಯಲ್ಲಿ ಏನೂ ಸಿಗಲಿಲ್ಲ ಎಂದರೆ ಕಾಯಿಲೆ ವಂಶದ್ದಲ್ಲ ಎಂದು ತಿಳಿಯಬಾರದು. ಈಗಿನ ವರದಿಗಳು ಒಂದೊಂದೇ ವಂಶವಾಹಿಯನ್ನು ಬಿಡಿಯಾಗಿ ತೂಗುತ್ತವೆ. ಆರೋಗ್ಯವಂತ ತಂದೆಯಲ್ಲೂ ಇದೆ ಎಂದು ಕಂಡ ಕೂಡಲೆ ಆ ಬದಲಾವಣೆಯನ್ನು ಬದಿಗೆ ಸರಿಸುತ್ತವೆ. 2019ರ ಆ ಕುಟುಂಬವನ್ನು ಹೀಗೆ ಓದಿದ್ದರೆ ತಂದೆತಾಯಿಯಿಂದ ಕೂಡಿಬಂದ ಮೂರರ ಕಥೆ ಹೊರಬೀಳುತ್ತಲೇ ಇರಲಿಲ್ಲ. ಹಳೆಯ ವರದಿಯ ಮಾಹಿತಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಓದಿಸಲು ಬರುತ್ತದೆ, ಹೊಸ ರಕ್ತ ಬೇಕಿಲ್ಲ. ಇದನ್ನು ಕೇಳುವವರೇ ಕಡಿಮೆ. ಕೂಸು ಉಳಿಯುವುದಿಲ್ಲ ಎನ್ನುವ ಸ್ಥಿತಿಯಿದ್ದರೆ, ಕೇಳಲು ಎಷ್ಟೇ ಸಂಕಟವಾದರೂ, 2 ಮಿ.ಲೀ. ರಕ್ತ ತೆಗೆದಿಡುವುದು ಆ ತಾಯಿಗೆ ಮಾಡುವ ದೊಡ್ಡ ಉಪಕಾರ. ಮುಂದಿನ ಬಸಿರಿನಲ್ಲಿ ಏನನ್ನು ಹುಡುಕಬೇಕೆಂದು ತಿಳಿಯಲು ಅದು ನೆರವಾಗುತ್ತದೆ.

ತಾಯಿ ಕಾರ್ಡಿಗಿಂತ ಮುಂಚೆ

ವಂಶವಾಹಿಯನ್ನು ಬದಲಿಸಲು ಬರುವುದಿಲ್ಲ, ಗರ್ಭದ ಪರಿಸರವನ್ನು ಬದಲಿಸಬಹುದು. ಆದರೆ ಹೊತ್ತು ನೋಡಿ. ತಾಯಿ ಕಾರ್ಡಿನ ನೋಂದಣಿ 12 ವಾರದೊಳಗೆ ಆಗಬೇಕೆಂಬುದು ಗುರಿ. ಮುಟ್ಟಿನ ಲೆಕ್ಕದಲ್ಲಿ 10 ವಾರಕ್ಕೇ ಹೃದಯ ಕಟ್ಟಿ ಮುಗಿದಿರುತ್ತದೆ. ಆಶಾ ಕಾರ್ಯಕರ್ತೆ ಎಷ್ಟೇ ಚುರುಕಾಗಿದ್ದರೂ ಗುಳಿಗೆ ತಡವಾಗಿ ಸಿಕ್ಕಂತೆಯೇ. ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆ್ಯಸಿಡ್ ಮಗು ಬೇಕೆಂದುಕೊಂಡ ತಿಂಗಳಿಂದಲೇ ಶುರುವಾಗಬೇಕು. ಮೊದಲೇ ಸಕ್ಕರೆ ಕಾಯಿಲೆಯಿದ್ದ ತಾಯಿಯ ಮಗುವಿಗೆ ಹೃದಯ ದೋಷದ ಸಾಧ್ಯತೆ ಮೂರು ನಾಲ್ಕು ಪಟ್ಟು, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ಬಂದ ಮೇಲೆ ಬಸಿರಾಗುವುದು ಒಳ್ಳೆಯದು. ಮೂರ್ಛೆರೋಗಕ್ಕೆ ವ್ಯಾಲ್‌ಪ್ರೊಯೇಟ್, ಮೊಡವೆಗೆ ಐಸೊಟ್ರೆಟಿನೊಯಿನ್, ಮಾನಸಿಕ ಕಾಯಿಲೆಗೆ ಲಿಥಿಯಂ ನುಂಗುತ್ತಿರುವವರು ಮದುವೆ ಗೊತ್ತಾದಾಗಲೇ ಡಾಕ್ಟರಿಗೆ ಹೇಳಬೇಕು, ತಾವಾಗಿಯೇ ನಿಲ್ಲಿಸಬಾರದು. ಮೊದಲ ಮೂರು ತಿಂಗಳಲ್ಲಿ ರುಬೆಲ್ಲಾ ತಗುಲಿದರೂ ಕೂಸಿನ ಹೃದಯ ಕೆಡುತ್ತದೆ. ಕರ್ನಾಟಕದಲ್ಲಿ ಫೆಬ್ರವರಿ 2017ರ ದಡಾರ-ರುಬೆಲ್ಲಾ ಅಭಿಯಾನದಲ್ಲಿ ಚುಚ್ಚುಮದ್ದು ಸಿಗದ ಹೆಣ್ಣುಮಕ್ಕಳು ಬಸಿರಿಗೆ ಒಂದು ತಿಂಗಳಾದರೂ ಮುಂಚೆ ಹಾಕಿಸಿಕೊಳ್ಳಬೇಕು, ಬಸಿರಾದ ಮೇಲೆ ಹಾಕುವಂತಿಲ್ಲ.

ಭ್ರೂಣದ ಎಕೋಗೆ ಸರಿಯಾದ ಹೊತ್ತು 18ರಿಂದ 22 ವಾರ. ಏಳನೇ ತಿಂಗಳಲ್ಲಿ ಮಾಡಿಸಿದರೆ ತೀರ್ಮಾನಕ್ಕೆ ಸಮಯ ಉಳಿಯುವುದಿಲ್ಲ. ದೊಡ್ಡ ದೋಷ ಮೊದಲೇ ಗೊತ್ತಾದರೆ ಮಕ್ಕಳ ಹೃದಯ ತಜ್ಞರಿರುವ ಕಡೆಗೇ ಹೆರಿಗೆ ಗೊತ್ತುಮಾಡಿಕೊಳ್ಳಬಹುದು. ಇಂಡಿ ಸಿಂದಗಿ ಕಡೆಯವರಿಗೆ ಬೆಳಗಾವಿ 200 ಕಿ.ಮೀ.ಗೂ ದೂರ, ನೀಲಿಗಟ್ಟಿದ ಕೂಸನ್ನು ಅಷ್ಟು ದೂರ ಒಯ್ಯುವುದಕ್ಕಿಂತ ಹೊಟ್ಟೆಯಲ್ಲಿದ್ದಾಗಲೇ ಒಯ್ಯುವುದು ಎಷ್ಟೋ ಸುರಕ್ಷಿತ.

ಹುಟ್ಟಿದ ಮೇಲಿನ ಸರಳ ಪರೀಕ್ಷೆ ಪಲ್ಸ್ ಆಕ್ಸಿಮೀಟರ್. 24 ಗಂಟೆ ತುಂಬಿದ ಮೇಲೆ ಬಲಗೈ ಮತ್ತು ಒಂದು ಪಾದದಲ್ಲಿ ನೋಡಬೇಕು. ಎರಡೂ 95 ಅಥವಾ ಹೆಚ್ಚು, ನಡುವಿನ ಅಂತರ 3ರೊಳಗೆ ಇದ್ದರೆ ಸರಿ. ಯಾವುದಾದರೂ 90ಕ್ಕಿಂತ ಕೆಳಗಿದ್ದರೆ ಕಾಯಬಾರದು. ನಡುವಿನದಾದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡಬೇಕು. ಎಡಗೈಯಲ್ಲಿ ನೋಡಿ ಬರೆಯುವುದು, ದೊಡ್ಡವರ ಕ್ಲಿಪ್ಪನ್ನು ಕೂಸಿನ ಬೆರಳಿಗೆ ಸಿಕ್ಕಿಸುವುದು, ಪಾದ ತಣ್ಣಗಿರುವಾಗ ನೋಡುವುದು, ಇವು ಮೂರೂ ಸುಳ್ಳು ಅಂಕಿ ಕೊಡುತ್ತವೆ. ಮನೆಗೆ ಹೋದ ಮೇಲೆ ಅಮ್ಮನೇ ನೋಡಬಹುದಾದ ಗುರುತು ಮೊಲೆಯುಣ್ಣುವಾಗಿನದು: ನಾಲ್ಕು ಸಲ ಚೀಪಿ ಏದುಸಿರು ಬಿಟ್ಟು ನಿಲ್ಲಿಸುವ, ಚಳಿಯಲ್ಲೂ ಹಣೆಯ ಮೇಲೆ ಬೆವರು ಮೂಡುವ, ತಿಂಗಳಾದರೂ ತೂಕ ಏರದ ಕೂಸಿಗೆ ಎಕೋ ಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ, ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಹೇಳಿದರೆ ಆಪರೇಶನ್‌ವರೆಗಿನ ದಾರಿ ಅಲ್ಲಿಂದಲೇ ತೆರೆಯುತ್ತದೆ.

2010ರಲ್ಲಿ ಶ್ರೀವಾಸ್ತವ ತಂಡ ಗಾಟಾ4, ಎಂಇಎಫ್2ಸಿ, ಟಿಬಿಎಕ್ಸ್5 ಎಂಬ ಮೂರೇ ಸ್ವಿಚ್‌ಗಳನ್ನು ಹಾಕಿ ಇಲಿಯ ಹೃದಯದ ಜೋಡಣೆ ಕೋಶಗಳನ್ನು ಮಿಡಿಯುವ ಸ್ನಾಯುವಿನಂಥ ಕೋಶಗಳಾಗಿ ತಿರುಗಿಸಿತ್ತು. ದೊಡ್ಡ ಸಾಧನೆಯೇ ಅದು. ಆದರೆ ಇವತ್ತು ಯಾರಾದರೂ "ಕೋಶ ಚುಚ್ಚಿ ತೂತು ಮುಚ್ಚುತ್ತೇವೆ" ಎಂದರೆ ದುಡ್ಡು ಕೊಡಬೇಡಿ. ತೂತು ಮುಚ್ಚುವುದು ಈಗಲೂ ತೇಪೆಯಿಂದ ಅಥವಾ ಸಾಧನದಿಂದ. ಕೆಲವು ಸಣ್ಣ ತೂತುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಆಸ್ಪತ್ರೆಗೆ ಬರುವ ಮುಂಚೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಒಂದು ಹಾಳೆಯ ನಡುವೆ ಕೂಸಿನ ಹೆಸರು ಬರೆದು, ಎಡಕ್ಕೆ ಅಪ್ಪನ ಮನೆ, ಬಲಕ್ಕೆ ಅಮ್ಮನ ತವರು, ಮೇಲೆ ಮೂರು ತಲೆಮಾರು ಬರೆಯಿರಿ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಸಂಬಂಧದೊಳಗೆ ಮದುವೆಯಾದವರ ನಡುವೆ ಜೋಡಿ ಗೆರೆ. ಹುಟ್ಟಿ ವಾರದೊಳಗೆ ಹೋದ ಕೂಸುಗಳು, ಹೊಟ್ಟೆಯಲ್ಲೇ ನಿಂತವು, ಮೂವತ್ತು ನಲವತ್ತಕ್ಕೆ ಕೂತಲ್ಲೇ ಹೋದ ಕಾಕಾ, ಪೇಸ್‌ಮೇಕರ್ ಹಾಕಿಸಿಕೊಂಡ ಸೋದರತ್ತೆ, ಹೆಬ್ಬೆರಳು ಸೊಟ್ಟಗಿದ್ದ ಅಜ್ಜ, ಯಾರನ್ನೂ ಬಿಡಬೇಡಿ. ಎರಡೂ ಮನೆಯ ಹಿರಿಯ ಹೆಂಗಸರನ್ನು ಕೂಡಿಸಿಕೊಂಡು ಕೇಳಿದರೆ ಒಂದು ತಾಸಿನ ಕೆಲಸ.